ಕಾರಿನೊಳಗಿನ ಬಾಯಿ

ಹೊಸ ಊರಿಗೆ ಬಂದ ನಾಲ್ಕನೆಯ ದಿನ ಅವನು ಮೊದಲ ಪೆಟ್ಟು ತಿಂದ. ಹೊಡೆದವಳು ಸೈಕಲ್ಲಿಗೆ ತರಕಾರಿ ಚೀಲ ನೇತುಹಾಕಿಕೊಂಡಿದ್ದ ಹೆಂಗಸು, ಅವನ ಅತ್ತೆಯ ವಯಸ್ಸಿನವಳು. ಓಣಿಯ ತಿರುವಿನಲ್ಲಿ ಬೆಲ್ಲು ಹೊಡೆಯದೆ ಅಡ್ಡ ಬಂದಳು.

"ನಿಮ್ಮಪ್ಪನ ರೋಡಾ? ಹಲ್ಲು ಉದುರಿಸಿ ಕೈಗೆ ಕೊಡ್ತೀನಿ," ಎಂದ ಅವನು.

ಅವಳು ಬ್ರೇಕು ಹಿಡಿದಳು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಅವಸರವಿಲ್ಲದೆ ಹಿಂದಕ್ಕೆ ನಡೆದು ಬಂದು, ಕೆನ್ನೆಗೆ ಬಾರಿಸಿದಳು.

"ಕೊಡು, ನೋಡೋಣ," ಎಂದು ಅಂಗೈ ಚಾಚಿ ನಿಂತಳು.

ಕೆನ್ನೆ ಉರಿದದ್ದಕ್ಕಿಂತ ಅವನಿಗೆ ಆಶ್ಚರ್ಯವಾದದ್ದೇ ಹೆಚ್ಚು. ಹನ್ನೊಂದು ವರ್ಷದಿಂದ ದಿನಕ್ಕೆ ಹತ್ತು ಸಲ ಆಡಿದ ಮಾತು ಅದು. ಒಮ್ಮೆಯೂ ಯಾರಿಗೂ ಕೇಳಿಸಿರಲಿಲ್ಲ. ಹಳೆಯ ಊರಿನಲ್ಲಿ ಕಾರಿತ್ತು, ಕಾರಿಗೆ ಗಾಜಿತ್ತು. ಗಾಜು ಏರಿಸಿಕೊಂಡು, ಮುಂದಿನ ಗಾಡಿಯವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರನ್ನೂ ಎಬ್ಬಿಸಿ ಎಳೆತಂದು ನಿಲ್ಲಿಸುತ್ತಿದ್ದ. ಕೆಲಸದ ದಂತ ಲ್ಯಾಬು ಮುಟ್ಟುವ ಹೊತ್ತಿಗೆ ಹೊಟ್ಟೆ ಹಗುರಾಗಿರುತ್ತಿತ್ತು. ಅಲ್ಲಿಂದಾಚೆ ಸಂಜೆಯವರೆಗೂ ಯಾರಿಗೂ ಎದುರಾಡದ ಸಾಧು ಮನುಷ್ಯನಾಗಿ, ಮೇಣದಲ್ಲಿ ಕಟ್ಟುಹಲ್ಲು ಕೂರಿಸುತ್ತ ಬಗ್ಗಿ ಕುಳಿತಿರುತ್ತಿದ್ದ.

ಹೆಂಡತಿಗೆ ಇಲ್ಲಿನ ಹೆರಿಗೆ ವಾರ್ಡಿನಲ್ಲಿ ನರ್ಸು ಕೆಲಸ ಸಿಕ್ಕಿತೆಂದು ಬಂದವರು ಅವರು. ಸಿಕ್ಕ ಮನೆ ಇದ್ದದ್ದು ಎರಡು ಛತ್ರಿ ಎದುರಾದರೆ ಒಂದನ್ನು ಮಡಿಸಬೇಕಾದಂಥ ಓಣಿಯಲ್ಲಿ. ನಿಲ್ಲಿಸಲು ಜಾಗವಿಲ್ಲವೆಂದು ಕಾರನ್ನು ಮಾರಿಯೇ ಹೊರಟಿದ್ದರು. ಕಾರು ಹೋಯಿತು, ಬಾಯಿ ಉಳಿಯಿತು.

ಎರಡನೆಯ ಪೆಟ್ಟು ಬಸ್ಸಿನಲ್ಲಿ. ಒಬ್ಬ ಕಾಲು ತುಳಿದ. ಇವನು ಅವನ ಅಪ್ಪನ ಹೆಸರೆತ್ತಿ ಬೈದ. ಆ ಒಬ್ಬನಿಗೆ ಇಬ್ಬರು ಗೆಳೆಯರಿದ್ದರು. ಮುಂದಿನ ನಿಲ್ದಾಣದಲ್ಲಿ ಕಾಲರು ಹಿಡಿದು ಇಳಿಸಿದರು. ಮೊದಲ ಗುದ್ದಿಗೆ ಹುಬ್ಬು ಒಡೆಯಿತು. ಎರಡನೆಯದಕ್ಕೆ ತುಟಿ. ನೆಲಕ್ಕೆ ಬಿದ್ದ ಮೇಲೆ ಪಕ್ಕೆಗೆ ಬೂಟಿನ ಒದೆಗಳು, ಒಂದಾದ ಮೇಲೆ ಒಂದು, ಒನಕೆ ಬಿದ್ದಂತೆ ತಾಳ ತಪ್ಪದೆ ಬಿದ್ದವು. ಸುತ್ತ ನಿಂತವರು ತಮ್ಮ ಬಸ್ಸಿನ ನಂಬರು ನೋಡುತ್ತಿದ್ದರು.

ಈ ಊರಿನಲ್ಲಿ ಸೇರಿಕೊಂಡಿದ್ದ ಹೊಸ ಲ್ಯಾಬಿನ ತೊಟ್ಟಿಯಲ್ಲಿ ರಕ್ತ ಉಗಿಯುತ್ತಿದ್ದಾಗ, ಕಟ್ಟುಹಲ್ಲುಗಳಿಗೆ ಪಾಲಿಶ್ ಹಾಕುತ್ತಿದ್ದ, ಎಲ್ಲರೂ ಅಕ್ಕ ಎನ್ನುವ ಹಿರಿಯ ಕೆಲಸದಾಕೆ ಯಂತ್ರ ನಿಲ್ಲಿಸಿ ಬಂದಳು.

"ಮೇಲಿನ ಸೆಟ್ಟೋ, ಕೆಳಗಿನದೋ?"

"ಒಂದೇ ಹಲ್ಲು, ಅಕ್ಕ."

"ಆ ಅನ್ನು. ಅಲ್ಲಾಡ್ತಿದೆ ಅಷ್ಟೆ, ಜೋಪಾನ ಮಾಡ್ಕೊ. ನಾವು ಮಾಡೋದು ಇಷ್ಟು ಚೆನ್ನಾಗಿ ಕೂರಲ್ಲ." ಒದ್ದೆ ಬಟ್ಟೆ ಕೊಟ್ಟಳು. "ಏನಂದೆ ಅವರಿಗೆ?"

ಹೇಳಿದ.

"ಇಷ್ಟು ವರ್ಷ ಹೇಗಪ್ಪ ಬದುಕಿದ್ದೆ ನೀನು?"

"ಕಾರಿತ್ತು," ಎಂದ.

ಮನೆಯಲ್ಲಿ ಹೆಂಡತಿ ಹುಬ್ಬಿಗೆ ಹತ್ತಿ ಒತ್ತಿ ಹಿಡಿದಳು. ವಾರ್ಡಿನಲ್ಲಿ ದಿನಕ್ಕೆ ಎಷ್ಟೋ ರಕ್ತ ಒರೆಸುವ ಕೈ ಅದು. ಇವತ್ತು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತಿತು.

"ಇನ್ನೊಂದು ಸಲ ಹೀಗೆ ಬಂದ್ರೆ ಚಿನಕುರುಳೀನ ಕರ್ಕೊಂಡು ಅಣ್ಣನ ಮನೆಗೆ ಹೊರಟುಹೋಗ್ತೀನಿ ರೀ. ಕೆಲಸ ಹೋದರೂ ಹೋಗ್ಲಿ."

"ನಾನೇನು ಹೊಡೆದಿಲ್ವಲ್ಲೇ. ಹೊಡೆಸಿಕೊಂಡಿದ್ದು."

"ಹೊಡೆಸಿಕೊಳ್ಳೋನ ಪಕ್ಕ ದಿನಾ ಬೆಳಿಗ್ಗೆ ಯಾರು ನಡೀತಿರ್ತಾರೆ? ಯೋಚನೆ ಮಾಡಿದೀರಾ?"

ಯೋಚನೆ ಮಾಡಿದ್ದ. ಚಿನಕುರುಳಿ ಅವರ ಮಗಳು, ಒಂಬತ್ತು ವರ್ಷದವಳು. ಬಾಯಿ ಸುಮ್ಮನಿರದ್ದಕ್ಕೆ ತಾಯಿ ಇಟ್ಟ ಹೆಸರು. ಕಾರಿದ್ದಾಗ ಅವನಿಗೆ ಅವಳ ಹಣೆ ಮಾತ್ರ ಪರಿಚಯ, ಹಿಂದಿನ ಸೀಟಿನಿಂದ ಕನ್ನಡಿಯಲ್ಲಿ ಕಾಣುತ್ತಿದ್ದಷ್ಟು. ಇಲ್ಲಿ ಶಾಲೆಗೆ ಇಪ್ಪತ್ತು ನಿಮಿಷದ ನಡಿಗೆ. ಅವಳ ಕೈ ಇವನ ಕೈಯಲ್ಲಿ. ಯಾವ ಟೀಚರಿಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತದೆ, ಯಾರ ಮನೆಯ ಬೆಕ್ಕು ಬಸಿರು, ಎಲ್ಲ ವರದಿ. ಆ ಇಪ್ಪತ್ತು ನಿಮಿಷ ಇಲ್ಲವಾದರೆ ತನಗೆ ಈ ಊರಿನಲ್ಲಿ ಉಳಿಯುವುದು ಬರೀ ಲ್ಯಾಬಿನ ಪ್ಲಾಸ್ಟರಿನ ದವಡೆಗಳು ಎಂದು ಅವನಿಗೆ ಗೊತ್ತಿತ್ತು.

ಮರುದಿನದಿಂದ ಮನೆ ಬಿಡುವಾಗಲೇ ನಾಲಿಗೆಯ ಕೆಳಗೆ ಒಂದು ಲವಂಗ ಇಟ್ಟುಕೊಂಡ. ಮಾತು ಬಂದರೆ ಅದನ್ನು ಕಚ್ಚುವುದು. ಹಾರ್ನಿಗೆ ಕಚ್ಚಿದ, ಕೆಸರು ಹಾರಿಸಿದವನಿಗೆ ಕಚ್ಚಿದ. ಹತ್ತು ದಿನ ಕಳೆದವು. ಬಾಯೆಲ್ಲ ಹೊಗರಾಗಿ ಊಟ ರುಚಿಸದಿದ್ದರೂ ಮೈಮೇಲೆ ಹೊಸ ಗಾಯವಿರಲಿಲ್ಲ.

ಹನ್ನೊಂದನೆಯ ಬೆಳಿಗ್ಗೆ, ಶಾಲೆಯ ಹತ್ತಿರದ ತಿರುವಿನಲ್ಲಿ, ನೀರಿನ ಕ್ಯಾನು ತುಂಬಿದ ವ್ಯಾನೊಂದು ಫುಟ್‌ಪಾತಿನ ಮೇಲೆಯೇ ಹತ್ತಿತು. ಅದರ ಕನ್ನಡಿ ಮಗಳ ಬೆನ್ನಿನ ಚೀಲಕ್ಕೆ ಸಿಕ್ಕಿ ಅವಳನ್ನು ಬುಗುರಿಯಂತೆ ತಿರುಗಿಸಿ ಕೆಡವಿತು. ಮಂಡಿ ತರಚಿತು. ವ್ಯಾನಿನವನು ಬಾಗಿಲು ತೆರೆದು ಇಳಿದ. ಕತ್ತು ಗಟ್ಟಿ, ತೋಳು ಗಟ್ಟಿ.

"ಮಗೂನ ಹಿಡ್ಕೊಂಡು ನಡಿಯೋಕೆ ಬರಲ್ವೇನ್ರೀ?"

ಅವನು ಲವಂಗ ಕಚ್ಚಿದ. ಗಂಟಲವರೆಗೆ ಬಂದದ್ದನ್ನು ಉಗುಳಿನ ಜೊತೆ ನುಂಗಿದ. ಮಗಳನ್ನು ಎತ್ತಲು ಬಗ್ಗಿದ. ಗೆದ್ದೆ ಎಂದುಕೊಂಡ.

"ನಿಮ್ಮಪ್ಪನ ರೋಡಾ?" ಎಂದು ಕೇಳಿಸಿತು. "ಹಲ್ಲು ಉದುರಿಸಿ ಕೈಗೆ ಕೊಡ್ತೀನಿ."

ಮಗಳು. ಮಾತಷ್ಟೇ ಅಲ್ಲ, ರಾಗವೂ ಅವನದೇ. ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ. ಅಷ್ಟು ವರ್ಷ ಹಿಂದಿನ ಸೀಟಿನಲ್ಲಿ ಕುಳಿತು, ಗಾಜಿನಾಚೆಯ ಯಾರೂ ಕೇಳದ್ದನ್ನು ಒಳಗೆ ಒಬ್ಬಳು ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು.

"ಏನಂದೆ?" ವ್ಯಾನಿನವನು ಸೀಟಿನಡಿಗೆ ಕೈ ಹಾಕಿ ಚಕ್ರ ಬಿಚ್ಚುವ ಕಬ್ಬಿಣದ ರಾಡು ತೆಗೆದ. "ಇಷ್ಟುದ್ದ ಇದೀಯ, ಏನಂದೆ ನೀನು?"

ಹೆದರಿಸುವುದಷ್ಟೇ ಅವನ ಮನಸ್ಸಿನಲ್ಲಿತ್ತೋ ಏನೋ. ಆದರೆ ರಾಡು ಮೇಲೆದ್ದಿತ್ತು, ಕೆಳಗೆ ಮಗಳಿದ್ದಳು. ಅಪ್ಪ ಅಡ್ಡ ನುಗ್ಗಿದ. ಮೊದಲ ಏಟು ಭುಜಕ್ಕೆ ಬಿತ್ತು. ಒಳಗೆ ಒಣಕಟ್ಟಿಗೆ ಮುರಿದಂಥ ಸದ್ದು. ಎರಡನೆಯದು ಕಿವಿಯ ಮೇಲೆ ಬಿದ್ದು ಬೀದಿಯ ಸದ್ದೆಲ್ಲ ನಿಂತುಹೋಯಿತು. ಮೂರನೆಯದಕ್ಕೆ ಮೊದಲೇ ಅವನು ತಲೆಯಿಂದ ವ್ಯಾನಿನವನ ಹೊಟ್ಟೆಗೆ ಗುದ್ದಿದ. ಇಬ್ಬರೂ ಉರುಳಿದರು. ಫುಟ್‌ಪಾತಿನ ಕಲ್ಲಿಗೆ ಹಿಂದಲೆ ಬಡಿದು ವ್ಯಾನಿನವನ ಕೈ ಸಡಿಲವಾಯಿತು.

ಅಲ್ಲಿಗೆ ಮುಗಿಯಬಹುದಿತ್ತು. ಅಪ್ಪ ಅವನ ಎದೆಯ ಮೇಲೆ ಹತ್ತಿ ಕುಳಿತ. ಉಳಿದಿದ್ದ ಒಂದು ಕೈಯಿಂದಲೇ ಬಾಯಿಗೆ ಗುದ್ದಿದ. ಸೈಕಲ್ಲಿನವಳಿಗೆ ಒಂದು, ಬೂಟಿನವರಿಗೆ ಒಂದು, ಕಚ್ಚಿದ ಲವಂಗಗಳಿಗೆಲ್ಲ ಒಂದೊಂದು. ಮೇಲಿನ ಎರಡು ಬಾಚಿಹಲ್ಲು ಒಳಕ್ಕೆ ಮಡಚಿದ್ದು ಗೆಣ್ಣಿಗೆ ಗೊತ್ತಾಯಿತು. ಪಕ್ಕದ ಕೋರೆಹಲ್ಲು ಬುಡಸಮೇತ ಕಿತ್ತು ಬಂದದ್ದೂ ಗೊತ್ತಾಯಿತು. ಬೆರಳುಗಳಿಗೆ ಅವುಗಳ ಆಕಾರ ಪರಿಚಿತ. ಕೆಳಗಿನವನ ಕಣ್ಣು ಮೇಲೆ ಸರಿದಿತ್ತು, ಉಸಿರು ರಕ್ತದಲ್ಲಿ ಗುಳುಗುಳು ಎನ್ನುತ್ತಿತ್ತು. ಕೈ ಮತ್ತೆ ಮೇಲೆದ್ದಿತು.

"ಇನ್ನೊಂದು ಕೊಡಪ್ಪ," ಎಂದಳು ಮಗಳು.

ಕೇಳುವ ಕಿವಿ ಒಂದೇ ಉಳಿದಿತ್ತು. ಅದಕ್ಕೆ ಸ್ಪಷ್ಟವಾಗಿ ಕೇಳಿಸಿತು. ಅಳುವಿಲ್ಲ, ಭಯವಿಲ್ಲ. ಉಯ್ಯಾಲೆಯಲ್ಲಿ ಕುಳಿತು ಇನ್ನೊಂದು ಸಲ ತೂಗು ಎನ್ನುವ ದನಿ. ಎತ್ತಿದ ಮುಷ್ಟಿ ಇಳಿಯಲಿಲ್ಲ. ಜನ ಬಂದು ಅವನನ್ನು ಕೆಳಗಿಳಿಸುವವರೆಗೂ ಹಾಗೇ ಇತ್ತು.

ವ್ಯಾನಿನವನನ್ನು ಆಂಬುಲೆನ್ಸಿನಲ್ಲಿ ಕೊಂಡೊಯ್ದರು. ಬದುಕುತ್ತಾನೆ ಎಂದರು. ಹೆಂಡತಿ ವಾರ್ಡಿನ ಬಟ್ಟೆಯಲ್ಲೇ ಪೊಲೀಸ್ ಠಾಣೆಗೆ ಓಡಿ ಬಂದಳು. ಬೆಂಚಿನ ಮೇಲೆ ತೋಳು ಕಟ್ಟಿಸಿಕೊಂಡು ಗಂಡ, ಪಕ್ಕದಲ್ಲಿ ಮಂಡಿಗೆ ಪಟ್ಟಿ ಹಚ್ಚಿಸಿಕೊಂಡು ಮಗಳು.

"ಮೊದಲು ಬೈದಿದ್ದು ಯಾರು?" ಬರೆದುಕೊಳ್ಳುತ್ತಿದ್ದ ಪೇದೆ ಕೇಳಿದ.

"ನಾನು," ಎಂದ ಅವನು.

"ಅಪ್ಪ ಸುಳ್ಳು ಹೇಳ್ತಿದಾನೆ. ನಾನು ಬೈದಿದ್ದು," ಎಂದಳು ಮಗಳು.

"ಮಾತು ನಂದು, ಸಾರ್. ನಾನೇ ಅಂತ ಬರ್ಕೊಳ್ಳಿ."

ಹೆಂಡತಿ ಇಬ್ಬರನ್ನೂ ನೋಡಿದಳು. ಹೊರಟುಹೋಗುವ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದವಳು ಬಗ್ಗಿ ಮಗಳ ಮಂಡಿಯ ಪಟ್ಟಿ ಸರಿಪಡಿಸಿದಳು.

"ಕರ್ಕೊಂಡು ಹೋಗು," ಎಂದ ಅವನೇ. "ಇವತ್ತೇ ಹೋಗು. ನನ್ನ ಹತ್ತಿರ ಬಿಡಬೇಡ."

"ಅಣ್ಣನ ಮನೆಗೆ ಹೋದ್ರೂ ಇವಳ ಬಾಯಿ ಇವಳ ಜೊತೇನೇ ಬರುತ್ತಲ್ರೀ."

"ಬರುತ್ತೆ. ಇನ್ನಷ್ಟು ಕಲಿಯೋದಾದ್ರೂ ನಿಲ್ಲುತ್ತೆ."

"ಅಪ್ಪ, ನಾವು ಗೆದ್ವಿ ಅಲ್ವಾ?"

"ಇಲ್ಲಮ್ಮ."

"ಅವನು ಬಿದ್ದನಲ್ಲ."

ತಾಯಿ ಮಗಳ ಕೈ ಹಿಡಿದು ಎಬ್ಬಿಸಿದಳು. ಅಪ್ಪನನ್ನು ಪೊಲೀಸರು ಬಿಡುವುದಿಲ್ಲವೆಂದು ತಿಳಿದಾಗ ಮಗಳು ಸುತ್ತ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಪೇದೆಯ ಮೇಲೆ ಕಣ್ಣು ನಿಂತಿತು. ಗದ್ದ ಮುಂದಕ್ಕೆ ಬಂದಿತು. ಅಪ್ಪನಿಗೆ ಆ ಗದ್ದ ಗೊತ್ತು, ಬೈಯುವ ಮೊದಲು ತನ್ನದೂ ಹಾಗೇ ಬರುತ್ತಿತ್ತು. ಎದ್ದು ಎರಡು ಹೆಜ್ಜೆಯಲ್ಲಿ ಅವಳನ್ನು ಮುಟ್ಟಿದ. ಮುರಿದ ಮೂಳೆ ಒಳಗೆ ಸರಿದು ಕಣ್ಣು ಕತ್ತಲಾಯಿತು. ಅವಳ ಬಾಯಿಯ ಮೇಲೆ ಕೈಯಿಟ್ಟ, ಮೆಲ್ಲಗೆ.

ಅವಳು ಬೈಯುವುದನ್ನು ನಿಲ್ಲಿಸಲಿಲ್ಲ. ತುಟಿ ಅಂಗೈಗೆ ಬಡಿಯುತ್ತಲೇ ಇತ್ತು, ಬಿಸಿಯಾಗಿ, ಒದ್ದೆಯಾಗಿ. ಮಾತು ಪೂರ್ತಿ ಮುಗಿಯುವವರೆಗೂ ಅವನು ಕೈ ತೆಗೆಯಲಿಲ್ಲ.