ನೊರೆ ಬಾರದ ಹಳ್ಳ

ಶನಿವಾರ ಫನ್ಯಾನಾನನ್ನು ಮಣ್ಣು ಮಾಡಿ ಆಗಿತ್ತು. ಭಾನುವಾರ ನೆಂಟರು ಹೊರಟುಹೋದರು. ಸೋಮವಾರ ಬೆಳಿಗ್ಗೆ ಶಾಮಿಯಾನ ಬಿಚ್ಚಿದ ಮೇಲೆ ಅಂಗಳದಲ್ಲಿ ಉಳಿದದ್ದು ಗೂಟ ಕಿತ್ತ ಗುಂಡಿಗಳು, ಮಣ್ಣು ಹತ್ತಿದ ಸಲಿಕೆಗಳು, ಊರವರ ಮನೆಗಳಿಂದ ತಂದ ಪಾತ್ರೆಗಳು.

ಕೆತಿವೆ ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದಳು. ಮೈಮೇಲೆ ಕಪ್ಪು ಬಟ್ಟೆ. ಗಂಡ ಹೋದ ಮೇಲೆ ವರ್ಷ ತುಂಬುವ ತನಕ ಅದೇ. ಅತ್ತೆ ಮಾಸ್ಕೋಸಾನಾ ಒಂದೊಂದೇ ಪಾತ್ರೆ ಎತ್ತಿ ತೋರಿಸುತ್ತಿದ್ದರು, ಹೆಂಗಸರು ತಮ್ಮತಮ್ಮದನ್ನು ಒಯ್ಯುತ್ತಿದ್ದರು. ಕೊನೆಗೆ ಅಗಲವಾದ ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ ಉಳಿಯಿತು.

"ಯಾರೂ ಕೇಳ್ದೇ ಇದ್ರೆ ನಂಗೇ ಇರ್ಲಿ," ಎಂದಳು ಪಕ್ಕದ ಮನೆಯ ಲಿಂದಿವೆ. "ಇಷ್ಟು ದಿನ ನನ್ನ ಬನ್ನು ಹೊತ್ತಿದೆ, ನನ್ನ ಗುರುತು ಹಿಡಿದಿರುತ್ತೆ."

"ಅದು ಕ್ಲಿನಿಕ್ಕಿನ ಮಬೇನಾ ಸಿಸ್ಟರ್‌ದು," ಎಂದಳು ಕೆತಿವೆ. "ಫನ್ಯಾನಾ ತಂದಿದ್ದ. ಹಳ್ಳದ ಹುಳ ನೋಡೋಕೆ."

ಲಿಂದಿವೆಯ ಕೈ ಬಾಯಿಗೆ ಹೋಯಿತು. "ಅಯ್ಯೋ, ಹುಳದ ತಟ್ಟೇಲಿ ಪಾದ್ರಿಗಳಿಗೆ ಬನ್ನು ಕೊಟ್ನಲ್ಲೇ."

"ಹುಳ ಒಂದೂ ಸಿಗ್ಲಿಲ್ಲ ಅವನಿಗೆ."

ಫನ್ಯಾನಾನಿಗೆ ಚಿಂತೆಯಾಗಿದ್ದುದೇ ಅದು: ಹುಳವೂ ಬದುಕದ ನೀರು. ಮಗಳು ನಂದಿಪಾಗೆ ಮೇಲಿಂದ ಮೇಲೆ ಹೊಟ್ಟೆ ಕೆಡುತ್ತಿತ್ತು. ನೀರಿನ ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಅವಳ ಗಂಜಿಗೂ ಹಳ್ಳದ ನೀರೇ. ಅವನು ಕ್ಲಿನಿಕ್ಕಿನಿಂದ ಬಲೆಯನ್ನೂ ತಟ್ಟೆಯನ್ನೂ ತಂದು ಒಮ್ಮೆ ಹಳ್ಳಕ್ಕೆ ಇಳಿದಿದ್ದ. ಮುಂದಿನ ಸಲ ಹೆಂಡತಿಯನ್ನೂ ಕರೆದೊಯ್ಯುವುದಾಗಿ ಹೇಳಿದ್ದ. ಅಷ್ಟರಲ್ಲಿ ಎಮಲಾಹ್ಲೆನಿ ಪಟ್ಟಣದ ದಾರಿಯಲ್ಲಿ ಕಲ್ಲಿದ್ದಲು ಲಾರಿ ಗುದ್ದಿ ಅವನು ಸತ್ತ.

ಸತ್ತವನ ಕಂಬಳಿಯನ್ನು, ಅವನ ಗುಂಡಿ ತೋಡಿದ ಸಲಿಕೆಗಳನ್ನು ಹರಿಯುವ ನೀರಿನಲ್ಲಿ ತೊಳೆಯಬೇಕು. ಅಲ್ಲಿಯ ತನಕ ಸಾವು ಮನೆಯಿಂದ ಹೊರಡುವುದಿಲ್ಲವೆಂದು ಆ ಮನೆಯ ನಂಬಿಕೆ. ಬಿಸಿಲೇರುವ ಮೊದಲೇ ಅತ್ತೆ ಕಂಬಳಿ, ಸಲಿಕೆ ಹೊತ್ತು ಹಳ್ಳಕ್ಕೆ ಹೊರಟರು. ಕೆತಿವೆ ಬಲೆ, ತಟ್ಟೆ ಹಿಡಿದು ಹಿಂದೆ ನಡೆದಳು.

ಚಳಿಗಾಲ. ಹುಲ್ಲೆಲ್ಲ ಒಣಗಿತ್ತು, ಹಳ್ಳ ಮಾತ್ರ ಹರಿಯುತ್ತಿತ್ತು. ನೀರು ಗಾಜಿನಂತಿತ್ತು, ತಳದ ಕಲ್ಲುಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಮಾಸ್ಕೋಸಾನಾ ಕಂಬಳಿ ನೆನೆಸಿ ಸೋಪು ತಿಕ್ಕಿದರು. ನೊರೆ ಬರಲಿಲ್ಲ. ಇನ್ನಷ್ಟು ತಿಕ್ಕಿದರು. ಬೂದು ಬಣ್ಣದ ಗಸಿ ಕಂಬಳಿಗೆ ಅಂಟಿತು, ಅಷ್ಟೆ. ಅವರು ಕಂಬಳಿಯ ಮೇಲೆ ಬಾಗಿ ಮೆಲ್ಲಗೆ, "ಬಿಡು ಮಗನೇ, ಹೋಗು," ಎಂದರು. ಆಮೇಲೆ ಸೊಸೆಯತ್ತ ತಿರುಗಿದರು. ಮದುವೆಯಾಗಿ ಬಂದ ದಿನದಿಂದ ಅವಳನ್ನು ಅವರು ಕರೆಯುತ್ತಿದ್ದುದು ಮಕೋಟಿ, ಅಂದರೆ ಸೊಸೆ, ಎಂದೇ.

"ಅವನು ಹೋಗೋಕೆ ಒಪ್ತಿಲ್ಲ, ಮಕೋಟಿ."

"ಅವನಲ್ಲ ಅಮ್ಮಾ. ನೀರು."

"ನೀರಿಗೇನಾಗಿದೆ? ತಳದ ಕಲ್ಲು ಎಣಿಸ್ಬಹುದು. ನಾನು ಈ ಮನೆಗೆ ಬಂದಾಗ ಚಳಿಗಾಲದಲ್ಲಿ ಹಳ್ಳ ಬತ್ತಿ ಇಲ್ಲಿ ದನ ಮಲಗ್ತಿದ್ವು. ಈಗ ವರ್ಷವಿಡೀ ಹರಿಯುತ್ತೆ. ಓದಿದವ್ರಿಗೆ ದೇವ್ರು ಕೊಟ್ಟಿದ್ರಲ್ಲೂ ಹುಳುಕೇ ಕಾಣುತ್ತೆ."

"ಯಾವಾಗಿಂದ ಹೀಗೆ ಹರೀತಿದೆ?"

ಅತ್ತೆ ಗುಡ್ಡದ ಕಡೆ ನೋಡಿದರು. "ಆ ಕಲ್ಲಿದ್ದಲು ಗಣಿ ಮುಚ್ಚಿದ್ರಲ್ಲ, ಅದಾದ ಮೇಲಿಂದ," ಎಂದರು.

ಕೆತಿವೆ ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದವಳು. ಪರೀಕ್ಷೆಗೆ ಬರೆದು ಮರೆತದ್ದನ್ನು ಈಗ ನಿಧಾನವಾಗಿ ಹೇಳಿದಳು. ಗಣಿ ನಡೆಯುವಾಗ ಒಳಗಿನ ನೀರನ್ನು ಪಂಪು ಎತ್ತಿ ಹಾಕುತ್ತದೆ. ಗಣಿ ಮುಚ್ಚಿದರೆ ಪಂಪೂ ನಿಲ್ಲುತ್ತದೆ. ಸುರಂಗ ತುಂಬಿ ನೀರು ಹೊರಗೆ ಉಕ್ಕುತ್ತದೆ. ಕಲ್ಲಿದ್ದಲಿನ ಜೊತೆಗಿರುವ ಗಂಧಕ ಗಾಳಿಗೂ ನೀರಿಗೂ ಸಿಕ್ಕಿ ನೀರನ್ನು ಹುಳಿ ಮಾಡುತ್ತದೆ. ಆ ಹುಳಿ ಬಂಡೆಯಲ್ಲಿರುವ ಕಬ್ಬಿಣದಂಥ ಲೋಹಗಳನ್ನು ಕರಗಿಸಿಕೊಂಡು ಬರುತ್ತದೆ; ಅದಕ್ಕೇ ಕಲ್ಲಿಗೆ ತುಕ್ಕಿನ ಬಣ್ಣ, ಸೋಪಿಗೆ ನೊರೆಯಿಲ್ಲ. ಅದರಲ್ಲಿ ಪಾಚಿ ಬೆಳೆಯುವುದಿಲ್ಲ, ಕೆಸರು ತಳ ಹಿಡಿಯುತ್ತದೆ. ಆದ್ದರಿಂದಲೇ ನೀರು ಅಷ್ಟು ತಿಳಿ.

"ಪುಸ್ತಕದ ಮಾತು," ಎಂದರು ಅತ್ತೆ.

"ಹಾಗಾದ್ರೆ ನೋಡೋಣ," ಎಂದು ಕೆತಿವೆ ಬಲೆ ಎತ್ತಿಕೊಂಡಳು.

ಅತ್ತೆ ತಟ್ಟನೆ ತಡೆದರು. ಕಪ್ಪು ಉಟ್ಟವಳು ಹಳ್ಳಕ್ಕೆ ಇಳಿಯುವಂತಿರಲಿಲ್ಲ. ಬಲೆ ಕಸಿದುಕೊಂಡು, ಲಂಗ ಎತ್ತಿ ಕಟ್ಟಿ, ಗೊಣಗುತ್ತ ತಾವೇ ಇಳಿದರು. ಸೊಸೆ ಹೇಳಿದಂತೆ ಕಾಲಿನಿಂದ ಕಲ್ಲು ಹೊರಳಿಸಿ ಕೆಳಗಡೆ ಬಲೆ ಒಡ್ಡಿದರು. ತಟ್ಟೆಗೆ ಕೊಡವಿದರೆ ಬಿದ್ದದ್ದು ಕಿತ್ತಳೆ ಬಣ್ಣದ ಪುಡಿ. ಮತ್ತೊಂದು ಕಡೆ ಒಡ್ಡಿದರು. ಅಲ್ಲೂ ಅದೇ.

ತುಸು ಕೆಳಗೆ, ಗಣಿ ಇಲ್ಲದ ದಿಕ್ಕಿನಿಂದ, ಜೊಂಡಿನ ನಡುವೆ ಹಾದು ಒಂದು ಸಣ್ಣ ತೊರೆ ಬಂದು ಸೇರುತ್ತಿತ್ತು. ಚಹಾದ ಬಣ್ಣದ ಕೆಸರು ನೀರು. ಅದನ್ನು ಊರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅತ್ತೆ ಅಲ್ಲೂ ಬಲೆ ಹಾಕಿದರು. ಈ ಸಲ ತಟ್ಟೆಯ ಬಿಳುಪಿನ ಮೇಲೆ ಏನೇನೋ ಓಡಾಡಿತು. ಬಾಲದ್ದು, ಕಾಲಿನದ್ದು, ಒಂದು ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿ.

ಮಾಸ್ಕೋಸಾನಾ ಬಹಳ ಹೊತ್ತು ನೋಡಿದರು. "ಈ ಕೊಳಕಲ್ಲಿ ಇಷ್ಟೊಂದು ಸಂಸಾರ ಇದೆ," ಎಂದರು. "ಅಲ್ಲಿ ಒಬ್ರೂ ಇಲ್ಲ."

ಸಲಿಕೆಗಳನ್ನು ಅಲ್ಲೇ ತೊಳೆದು, ಕಂಬಳಿಯನ್ನೂ ಅಲ್ಲಿಗೇ ತಂದು ಸೋಪು ತಿಕ್ಕಿದರು. ಕೈ ಮುಚ್ಚುವಷ್ಟು ನೊರೆ ಬಂತು. ನೊರೆಯಲ್ಲಿ ಕೈ ಇಟ್ಟುಕೊಂಡೇ ಕೇಳಿದರು: "ಮಗೂಗೆ ಗಂಜಿ ಮಾಡಿದ್ದು ನಾನು. ಚೆನ್ನಾಗಿ ಕುದಿಸ್ತಿದ್ನಲ್ಲ?"

"ಕುದಿಸಿದ್ರೆ ಕ್ರಿಮಿ ಸಾಯುತ್ತೆ ಅಮ್ಮಾ. ಹುಳಿಯೂ ಲೋಹವೂ ಹೋಗಲ್ಲ. ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತೆ."

ಮನೆಗೆ ಬಂದು ಅತ್ತೆ ಮೊದಲು ಮಾಡಿದ ಕೆಲಸ ಬಕೆಟ್ಟಿನ ನೀರನ್ನು ಅಂಗಳಕ್ಕೆ ಚೆಲ್ಲಿದ್ದು. ಎರಡನೆಯದು ಕೆಟಲಿನ ಮುಚ್ಚಳ ತೆರೆದು ಒಳಗಿನ ಕಿತ್ತಳೆ ಕರೆಯನ್ನು ಲಿಂದಿವೆಗೆ ತೋರಿಸಿದ್ದು. ಆ ಸಂಜೆ ಗಂಜಿಯ ನೀರು ಚರ್ಚಿನ ಮಳೆನೀರಿನ ತೊಟ್ಟಿಯಿಂದ ಬಂತು, ಅದನ್ನೂ ಕುದಿಸಿದರು. ಟ್ಯಾಂಕರ್ ಯಾಕೆ ಬರುತ್ತಿಲ್ಲವೆಂದು ಕೇಳಲು ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ನಗರಸಭೆಗೆ ಹೋಗುವ ಮಾತೂ ಆಗಲೇ ಆಯಿತು. ಮಾತೆತ್ತಿದವರು ಮಾಸ್ಕೋಸಾನಾ.

ಮರುದಿನ ಕೆತಿವೆ ನಂದಿಪಾಳನ್ನು ಬೆನ್ನಿಗೆ ಕಟ್ಟಿಕೊಂಡು ಕ್ಲಿನಿಕ್ಕಿಗೆ ಹೋದಳು. ಮಬೇನಾ ಸಿಸ್ಟರ್ ಮಗುವಿನ ಹೊಟ್ಟೆ ಮುಟ್ಟಿ ನೋಡಿ ಔಷಧಿ ಕೊಟ್ಟರು. ಹಳ್ಳದ ನೀರನ್ನು ಪರೀಕ್ಷೆಗೆ ಕಳಿಸುವುದಾಗಿ ಹೇಳಿದರು. ಕೆತಿವೆ ಬಲೆಯನ್ನೂ ತಟ್ಟೆಯನ್ನೂ ಮೇಜಿನ ಮೇಲೆ ಇಟ್ಟಳು.

"ಫನ್ಯಾನಾ ತಂದಿದ್ದ. ತಡವಾಯ್ತು."

ನಿಮ್ಮ ಊರಿನ ಹತ್ತಿರವೂ ಗಣಿ ಇದ್ದರೆ, ಹಳ್ಳಕ್ಕೆ ಹೋಗಿ ನೋಡಿ. ಮಳೆಯಿಲ್ಲದ ಕಾಲದಲ್ಲೂ ಹೊಸದಾಗಿ ನೀರು ಹರಿಯುತ್ತಿದೆಯೇ? ಕಲ್ಲು ಕಿತ್ತಳೆಯಾಗಿದೆಯೇ? ಸೋಪು ನೊರೆ ಬಿಡುವುದಿಲ್ಲವೇ? ಹುಳ, ಮೀನು, ಕಪ್ಪೆ ಒಂದೂ ಇಲ್ಲವೇ? ಇವುಗಳಲ್ಲಿ ಒಂದು ಕಂಡರೂ ಆ ನೀರನ್ನು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ, ಕುದಿಸಿ ಮಕ್ಕಳಿಗೆ ಕೊಡಬೇಡಿ. ಹುಳ ಇದ್ದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೆಂದೂ ತಿಳಿಯಬೇಡಿ. ನಾಲ್ಕು ಮನೆಯವರು ಸೇರಿ ಕ್ಲಿನಿಕ್ಕಿಗೆ ತಿಳಿಸಿ, ನೀರಿನ ಪರೀಕ್ಷೆ ಮಾಡಿಸಿ.

ಬಲೆ ಕ್ಲಿನಿಕ್ಕಿನ ಬಾಗಿಲ ಹಿಂದೆ, ಮೊಳೆಯಲ್ಲಿ ತೂಗುತ್ತಿದೆ. ತಟ್ಟೆ ಅದರ ಕೆಳಗಿದೆ, ತೊಳೆದದ್ದು. ಕೇಳಿ ಒಯ್ಯಿರಿ. ನೋಡಿ ಆದ ಮೇಲೆ ತಂದಿಡಿ.