ಸೊನ್ನೆ ಇಲ್ಲದ ಹೆಸರು

ಬಣ್ಣ ಒಣಗಿದ ಮೇಲೆ ಆ ಪೆಟ್ರೋಲ್ ಟ್ಯಾಂಕಿನಲ್ಲಿ ನನ್ನ ಮುಖ ಕಂಡಿತು. ಕಡುಹಸಿರಿನೊಳಗೆ ಮೂಗು, ಮೀಸೆ ಎಲ್ಲ ಸ್ಪಷ್ಟ. ಮೂವತ್ತು ವರ್ಷ ಗಾಡಿಗಳಿಗೆ ಬಣ್ಣ ಹೊಡೆದವನು ನಾನು. ಅಂಥ ನುಣುಪು ನನ್ನ ಕೈಯಿಂದ ಮತ್ತೆ ಬರಲಿಲ್ಲ. ಆದರೂ ಆ ಕೆಲಸದ ಹೆಸರೆತ್ತಿದರೆ ಈಗಲೂ ತಲೆ ತಗ್ಗುತ್ತದೆ.

ಅದು ಇಂಗ್ಲೆಂಡಿನ ಮೋಟಾರ್‌ಸೈಕಲ್. ಆ ಮಾದರಿಯನ್ನು ಇನ್ನೂರೇ ಇನ್ನೂರು ಮಾಡಿ ನಿಲ್ಲಿಸಿದ್ದರಂತೆ. ಎಂಜಿನ್ನಿನ ಪಕ್ಕದ ಹಿತ್ತಾಳೆ ತಗಡಿನಲ್ಲಿ ನೂರಾ ಮೂವತ್ತೇಳು ಎಂಬ ಸಂಖ್ಯೆಯಿತ್ತು. ನಮ್ಮೂರ ದನದ ಡಾಕ್ಟರು ವಾಮನರಾಯರು ಅದರ ಮೇಲೆ ಹಳ್ಳಿ ಹಳ್ಳಿ ಸುತ್ತಿ ಆಯುಷ್ಯ ಕಳೆದಿದ್ದರು. ಅವರು ತೀರಿಕೊಂಡ ಮೇಲೆ, ಹಳೆಯ ಗಾಡಿಗಳನ್ನು ಕೂಡಿಡುವ ಹುಚ್ಚಿದ್ದ ಪದ್ಮರಾಜಯ್ಯನವರು ಅದನ್ನು ಕೊಂಡರು. ತರಲು ಹೋದವನು ನಾನು.

“ಇಂಥವು ಲೋಕದಲ್ಲೇ ಇನ್ನೂರಮ್ಮಾ,” ಎಂದು ರಾಯರ ಹೆಂಡತಿ ಅನಸೂಯಾಬಾಯಿಯವರಿಗೆ ಹೇಳಿದೆ. ಅವರು ಅದಕ್ಕೆ ಬೆರಗಾಗಲಿಲ್ಲ. ಟ್ಯಾಂಕಿನ ಎಡಮಗ್ಗುಲನ್ನು ತೋರಿಸಿದರು. ಮೊಳೆಯಿಂದ ಕೆರೆದ ಎರಡು ಅಕ್ಷರ: ‘ಚಪಾ’.

“ನಮ್ಮ ಚಂಪಾ ಬರೆದದ್ದು. ಸೊನ್ನೆ ಹಾಕೋದು ಮರೆತಿದ್ದಾಳೆ ನೋಡು. ಅವರಪ್ಪ ಬೈಯೋದು ಬಿಟ್ಟು ನಕ್ಕಿದ್ದೇ ನಕ್ಕಿದ್ದು. ಆ ವರ್ಷವೇ ಜ್ವರ ಬಂದು ಹೋಗಿಬಿಟ್ಟಳು. ಇನ್ನೇನು ಬೇಕಾದರೂ ಮಾಡಿಕೊಳ್ಳಪ್ಪಾ, ಇದೊಂದನ್ನ ಮುಟ್ಟಬೇಡ.”

“ಮುಟ್ಟೋದಿಲ್ಲಮ್ಮಾ,” ಎಂದೆ. ಮನಸಾರೆಯೇ ಹೇಳಿದೆ.

ವಿಷಯ ಕೇಳಿ ಪದ್ಮರಾಜಯ್ಯನವರು ಗಾಡಿಯನ್ನೊಂದು ಸುತ್ತು ಬಂದರು. “ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗಿದ್ರೇನೇ ಅದಕ್ಕೆ ಮರ್ಯಾದೆ ಕಣಯ್ಯಾ. ಆದ್ರೆ ಮಾತು ಕೊಟ್ಟೋನು ನೀನು. ನೀನೇ ನೋಡು,” ಎಂದರು.

ಅವರು ಹಟ ಹಿಡಿದಿದ್ದರೆ ತಪ್ಪನ್ನು ಅವರ ತಲೆಗೆ ಕಟ್ಟಬಹುದಿತ್ತು. ನನ್ನ ಕಣ್ಣಿಗೇ ಆ ಗೀರು ಕುಂದಾಗಿ ಕಂಡಿತು. ಎಮರಿ ಕಾಗದವನ್ನು ಹತ್ತಾರು ಸಲ ಎಳೆದೆ, ಅಷ್ಟೆ. ಮೊದಲು ‘ಪಾ’ ಹೋಯಿತು, ಆಮೇಲೆ ‘ಚ’.

ಪುರಭವನದ ಅಂಗಳದಲ್ಲಿ ಹಳೆಯ ಗಾಡಿಗಳ ಪ್ರದರ್ಶನ ನಡೆಯಿತು. ನಮ್ಮದಕ್ಕೆ ಮೊದಲ ಬಹುಮಾನ. ಜನ ಸುತ್ತುವರಿದಿದ್ದಾಗ ಅನಸೂಯಾಬಾಯಿ ಕೊಡೆ ಊರಿಕೊಂಡು ಬಂದರು. ನೇರವಾಗಿ ಎಡಮಗ್ಗುಲಿಗೆ ಹೋಗಿ ಬಗ್ಗಿದರು. ಹಸಿರಿನೊಳಗೆ ಅವರ ಮುಖ ಮೂಡಿತು. ಕನ್ನಡಕ ಒರೆಸಿ ಮತ್ತೆ ನೋಡಿದರು, ಬೆರಳಿನಿಂದ ತಡವಿದರು.

“ಇದು ನಮ್ಮದಲ್ಲ ಅಲ್ವೇನಪ್ಪಾ? ಇಂಥವು ಇನ್ನೂರು ಅಂದಿದ್ದೆಯಲ್ಲ. ನಮ್ಮದು ಎಲ್ಲಿದೆ?”

ಅವರೇ ದಾರಿ ತೋರಿಸಿದ್ದರು, ನಾನು ನುಸುಳಿಬಿಟ್ಟೆ.

“ಹೌದಮ್ಮಾ, ಇದು ಬೇರೆ. ನಿಮ್ಮದು ಪರವೂರಲ್ಲಿ ಇನ್ನೊಬ್ಬರ ಹತ್ತಿರ ಇದೆ. ಅಕ್ಷರ ಹಾಗೇ ಇದೆ.”

“ಸದ್ಯ,” ಎಂದು ಎದೆ ಮೇಲೆ ಕೈಯಿಟ್ಟುಕೊಂಡರು. ಬಹುಮಾನದ ಗಾಡಿಯನ್ನು ತಿರುಗಿಯೂ ನೋಡದೆ ಹೊರಟುಹೋದರು.

ನಾಲ್ಕು ದಿನ ಅನ್ನ ಸೇರಲಿಲ್ಲ. ನಿಜ ಹೇಳಿಬಿಡೋಣವೆಂದು ಅವರ ಮನೆಗೆ ಹೋದೆ. ಜಗುಲಿಯಲ್ಲಿ ಪಕ್ಕದ ಮನೆಯಾಕೆ ಅವರೆಕಾಳು ಬಿಡಿಸುತ್ತ ಕೂತಿದ್ದರು. ನನ್ನನ್ನು ಕಂಡದ್ದೇ ಅನಸೂಯಾಬಾಯಿಯವರ ಮುಖ ಅರಳಿತು.

“ಇವನೇ ಕಣ್ರೀ ನಾನು ಹೇಳಿದ್ದು. ಚಂಪಾ ಬರೆದದ್ದನ್ನ ಕಣ್ಣಾರೆ ನೋಡಿಬಂದಿದ್ದಾನೆ. ಈಗಲೂ ಸೊನ್ನೆ ಇಲ್ಲ, ಅಲ್ವೇನಪ್ಪಾ?”

“ಇಲ್ಲಮ್ಮಾ,” ಎಂದೆ.

ಕೊಟ್ಟ ಕಾಫಿಯನ್ನು ಕುಡಿದು ಎದ್ದೆ. ಅವರು ಒಳಗಿನಿಂದ ಒಂದು ಬಟ್ಟೆ ತಂದರು. ರಾಯರ ಮೆತ್ತನೆಯ ಪಂಚೆಯನ್ನು ಚೌಕವಾಗಿ ಹರಿದು ಅಂಚು ಹೊಲಿದದ್ದು.

“ಆ ಗಾಡಿ ಇಟ್ಟುಕೊಂಡಿರೋರಿಗೆ ಕಳಿಸಪ್ಪಾ. ಅಕ್ಷರದ ಮೇಲೆ ಮಾತ್ರ ಮೆಲ್ಲಗೆ ಒರೆಸಲಿ ಅಂತ ಹೇಳು.”

ಮುಂದಿನ ವರ್ಷ ಅವರು ತೀರಿಕೊಂಡರು. ನಾನು ಹೇಳಲೇ ಇಲ್ಲ.

ಆ ಬಟ್ಟೆ ನನ್ನ ಶೆಡ್ಡಿನ ಗೂಟದಲ್ಲಿದೆ. ಅಕ್ಕಪಕ್ಕದ ಚಿಂದಿಗಳೆಲ್ಲ ಎಣ್ಣೆ, ಬಣ್ಣ ಕುಡಿದು ಕಪ್ಪಾಗಿವೆ. ಅದರ ಮಡಿಕೆಯನ್ನು ಇನ್ನೂ ಯಾರೂ ಬಿಚ್ಚಿಲ್ಲ.