ತಿರುವಿನಲ್ಲಿ ಬಿದ್ದ ಬಿದಿರು

"ಈ ಬೇಲಿಯ ಬಿದಿರು ಎಲ್ಲಿಂದ ಬಂತಮ್ಮ?" ಎಂದು ಕನ್ನಡಕದ ಮೇಷ್ಟರು ಕೇಳಿದಾಗ ಮಾಗ್ದಲೀನಾ ನಕ್ಕಳು.

"ಲಾರಿದ್ರೀ. ಈ ತಿರುವಿನ್ಯಾಗ ಬೀಳ್ತಾವ."

"ತಾವಾಗಿಯೇ ಬೀಳುತ್ತವೆಯೋ?"

"ಒಂದೊಂದಕ್ಕ ಬೀಳೂ ಮನಸ್ಸ ಇರೂದಿಲ್ರಿ. ಹುಡುಗೂರು ಹಿಂದಿಂದ ಬುದ್ಧಿ ಹೇಳ್ತಾವ."

ಬಾಗಿಲಲ್ಲಿ ನೆರೆದಿದ್ದ ಓಣಿಯೇ ನಕ್ಕಿತು. ಮೇಷ್ಟರೂ ನಕ್ಕು ಬರೆದುಕೊಂಡರು.

ಕಾಡಿನಿಂದ ದಾಂಡೇಲಿಯ ಕಂತ್ರಾಟದಾರನ ಯಾರ್ಡಿಗೆ ಬಿದಿರು ಹೊತ್ತು ಬರುವ ಲಾರಿಗಳು ಆ ತಿರುವಿನಲ್ಲಿ ಗೇರು ಬದಲಿಸಬೇಕು. ಅಲ್ಲಿ ನೆಲಕ್ಕೆ ಬಿದ್ದದ್ದು ಓಣಿಯದು. ಬೇಲಿ, ಕೋಳಿಗೂಡು, ಬಾಣಂತಿಯ ಮರೆ, ಹೆಣದ ಚಟ್ಟ ಎಲ್ಲಕ್ಕೂ ಅದೇ. ಹಾಡಹಗಲೇ, ನಡುರಸ್ತೆಯಲ್ಲಿ, ನೀರು ತರುವಷ್ಟೇ ಸಲೀಸಾಗಿ ಹೆಂಗಸರು ಅದನ್ನು ಎಳೆದುಕೊಂಡು ಹೋಗುತ್ತಿದ್ದರು. ಡ್ರೈವರುಗಳು ಕೈಬೀಸಿ ಮುಂದೆ ಸಾಗುತ್ತಿದ್ದರು.

ಓಣಿ ಮನುಷ್ಯನನ್ನು ಹೇಗೆ ಕೆಡಿಸುತ್ತದೆ ಎಂದು ತಿಳಿಯಲು ದೊಡ್ಡ ಊರಿನಿಂದ ಇಬ್ಬರು ಮೇಷ್ಟರು ಬಂದಿದ್ದರು. ಒಬ್ಬರದು ಮನಸ್ಸಿನ ಶಾಸ್ತ್ರ, ಇನ್ನೊಬ್ಬರದು ಸಮಾಜದ ಶಾಸ್ತ್ರ. ಮಾಗ್ದಲೀನಾಳ ಮಗ ಪಾವ್ಲು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು, ಅದೇ ಯಾರ್ಡಿನಲ್ಲಿ ದಿನಗೂಲಿ ಹಮಾಲ. ಮಳೆಗಾಲ ಮುಗಿದ ಮೇಲೆ ಖಾಯಂ ಮಾಡಿಸುತ್ತೇನೆಂದು ಹಮಾಲರ ಮುಕಾದಮ ಅಡಿವೆಯ್ಯ ಮಾತು ಕೊಟ್ಟಿದ್ದ. ಓದಿದವರ ಜೊತೆ ಓಡಾಡಿದರೆ ಹೆಸರಾದೀತೆಂದು ಪಾವ್ಲು ಕೂಲಿ ಬಿಟ್ಟು ಅವರಿಗೆ ಮನೆಮನೆ ತೋರಿಸಿದ.

"ನೀನೂ ಲಾರಿಯಿಂದ ಎಳೆದಿದ್ದೀಯೇನಪ್ಪ?" ಎಂದು ಕನ್ನಡಕದ ಮೇಷ್ಟರು ಅವನನ್ನು ಕೇಳಿದರು.

"ನನ್ನಂಗ ಎಳಿಯಾಂವ ಯಾರೂ ಇರಲಿಲ್ರಿ ಸಣ್ಣಾಂವಿದ್ದಾಗ," ಎಂದ ಪಾವ್ಲು, ಎದೆಯುಬ್ಬಿಸಿ. "ಯಾರ್ಡಿನ ಸಾಹೇಬ್ರ ಕಾಲನಿಗೂ ಹೋಗೂಣೇನ್ರಿ? ಅಲ್ಲಿ ಬೇಲೀನೂ ಇದ ಬಿದಿರಿಂದು. ಯಾರ್ಡಿನ ಲಾರೀನ ತಂದು ಹಾಕ್ತೈತಿ. ನಾನ ಇಳಿಸೇನಿ."

"ಅದು ನಮ್ಮ ಅಧ್ಯಯನದಲ್ಲಿ ಬರುವುದಿಲ್ಲ." ಮೇಷ್ಟರು ಅವನ ಬೆನ್ನು ತಟ್ಟಿದರು. ಒಳ್ಳೆಯ ಮನುಷ್ಯರು. ಮಾಗ್ದಲೀನಾ ಕೊಟ್ಟ ಕರಿ ಚಹಾ ಕುಡಿದರು. ಅವರ ರಾತ್ರಿಯ ಊಟ ಕಂತ್ರಾಟದಾರನ ಬಂಗಲೆಯಲ್ಲಿತ್ತು.

ಮರುವಾರ ಅಡಿವೆಯ್ಯ, ಕಳ್ಳರಿಗೆ ಇಲ್ಲಿ ಕೆಲಸವಿಲ್ಲವೆಂದು, ಪಾವ್ಲುವಿಗೆ ಯಾರ್ಡಿನ ಗೇಟಿನಲ್ಲೇ ಕೈ ಅಡ್ಡ ಹಿಡಿದ.

"ನಾ ಏನ ಕದ್ದೇನ್ರಿ?"

"ಮೇಷ್ಟ್ರ ಮುಂದ ನೀನ ಒದರೀದಿಯಂತಲ್ಲೋ. ನಿನ್ನ ಬಾಯಿ ನಾ ತೆರಸಿದ್ನೇನು?"

"ರಸ್ತೆಕ ಬಿದ್ದದ್ದು ಅಂದೆ. ಅದ ಬಿದಿರು ನಿಮ್ಮ ಹಿತ್ತಲದಾಗ ಐತಲ್ಲ."

ಅಡಿವೆಯ್ಯ ಬಾಯೊಳಗಿನ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದ. "ನೋಡ ಪಾವ್ಲು, ಮೇಷ್ಟ್ರೇನು ನಿನ್ನ ತಪ್ಪು ಅಂದಿಲ್ಲ. ಪಾಪ, ಹುಡುಗ ಚಲೋ ಅದಾನ, ಓಣಿ ಕೆಟ್ಟದ್ದು ಅಂದ್ರಂತ."

"ಹಂಗಾರ ಓಣೀನ ಕೆಲಸದಿಂದ ತಗೀರಿ."

"ಸಾಹೇಬ್ರು ಅದ ಮಾಡ್ಯಾರ. ನಿಮ್ಮ ಓಣಿಯವ್ರು ಯಾರೂ ಇನ್ನ ಗೇಟಿಗೆ ಬರಬ್ಯಾಡಂತ."

ಪಾವ್ಲು ಮನೆಗೆ ಬಂದು ಬೇಲಿ ಕೀಳತೊಡಗಿದ.

"ಯಾಕೋ? ದನಾ ಹೊಕ್ಕಾವು," ಎಂದಳು ಮಾಗ್ದಲೀನಾ.

"ಹೊಕ್ಕರ ಹೊಗಲಿ. ಅವೂ ಈ ಓಣಿಯವ."

ಅಂಗೈ ಸೀಳಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಬೇಲಿಯಿದ್ದಲ್ಲಿ ತೂತುಗಳ ಸಾಲು ಉಳಿಯಿತು. ಕಿತ್ತದ್ದನ್ನೆಲ್ಲ ಯಾರ್ಡಿನ ಗೇಟಿನವರೆಗೆ ಹೊತ್ತು ಎಸೆದು ಬಂದ. ಕೆಲಸ ಕಳೆದುಕೊಂಡವರು ಒಬ್ಬೊಬ್ಬರೇ ಬಂದು ಅವನ ಬಾಗಿಲೆದುರು ನಿಂತು ಹೋದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಲಾರಿ ತಿರುಗಿತು. ಒಂದು ಬಿದಿರು ಜಾರಿ ಬಿತ್ತು. ಓಡಿಬಂದ ಮಕ್ಕಳು ಕಟ್ಟೆಯ ಮೇಲೆ ಕೂತ ಪಾವ್ಲುವಿನ ಮುಖ ನೋಡಿ ಅಲ್ಲೇ ನಿಂತರು. ಹಿಂದೆ ಬಂದ ಲಾರಿಯ ಗಾಲಿ ಹತ್ತಿ ಬಿದಿರು ಚಟಚಟನೆ ಸೀಳಿತು.

ಒಲೆಗೆ ಕಟ್ಟಿಗೆ ಇರಲಿಲ್ಲ. ಮಾಗ್ದಲೀನಾ ಹೊರಗೆ ಬಂದಳು. ರಸ್ತೆಯಲ್ಲಿ ಒಮ್ಮೆ ಆ ಕಡೆ ನೋಡಿದಳು, ಒಮ್ಮೆ ಈ ಕಡೆ ನೋಡಿದಳು. ಆಮೇಲೆ ಬಗ್ಗಿ ಸೀಳುಗಳನ್ನು ಬೇಗಬೇಗ ಆಯ್ದು ಸೆರಗಿನೊಳಗೆ ಮುಚ್ಚಿಕೊಂಡಳು.